ಚಿಕ್ಕವಳು ಕೊಟ್ಟ ಬೆಸಾಂವ್

ಗ್ರೆಗರಿಯಣ್ಣ,

ತಮ್ಮ ಅಂದರೆ ಬರೀ ತಮಾಷೆ ಎಂದು ರೇಗುತ್ತಿದ್ದೆಯಲ್ಲ, ಈಗಲೂ ಹಾಗೇ ಇದ್ದೇನೆ. ನೀನು ತೀರಿಹೋದ ಮೇಲೆ, ಇವತ್ತು ಹೊಸನಗರದಿಂದ ಬಸ್ಸು ಹಿಡಿದು ಸಾಗರದ ನಿನ್ನ ಮನೆಗೆ ಬಂದೆ.

ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿಯಿತು. ನಿನ್ನ ಮೊಮ್ಮಗಳು ರಿಯೋನಾ ನೀನು ಕಲಿಸಿದಂತೆಯೇ ಹಿರಿಯರೆಲ್ಲರ ಮುಂದೆ ಮಂಡಿಯೂರಿ ಕೈಮುಗಿದು ಆಶೀರ್ವಾದ ಕೇಳುತ್ತ ಬಂದಳು. "ಬೆಸಾಂವ್ ಕೊಡಿ, ಚಿಕ್ಕಜ್ಜ."

ನಗಿಸೋಣವೆಂದು ನಾನೇ ಕೂತಲ್ಲಿಂದ ಅವಳಿಗೆ ಕೈಮುಗಿದು, "ನಂಗೂ ಕೊಡೆ ಬೆಸಾಂವ್" ಎಂದೆ.

ಅವಳು ನಗಲಿಲ್ಲ. ನನ್ನ ಬೋಳು ತಲೆಯ ಮೇಲೆ ಕೈಯಿಟ್ಟು, "ದೇವ್ರು ನಿಂಗೆ ಒಳ್ಳೇದ್ ಮಾಡ್ಲಿ" ಎಂದಳು. ಆಮೇಲೆ ಗೋಡೆಯಲ್ಲಿದ್ದ ನಿನ್ನ ಫೋಟೊ ತೋರಿಸಿದಳು.

"ನನ್ನಜ್ಜ ನಿಂಗಿಂತ ದೊಡ್ಡೋರಲ್ವಾ? ಅವ್ರ ಹತ್ರ ಕೇಳಿದ್ಯಾ?"

ಅತ್ತಿಗೆ ನೆಲ ನೋಡಿದರು. ಅಪ್ಪನ ಜಾಗ ಪಾಲಾದ ಮೇಲೆ ನೀನೂ ನಾನೂ ಒಟ್ಟಿಗೆ ಪ್ರಾರ್ಥನೆಗೆ ಕೂತಿಲ್ಲವೆಂದು ಮಗುವಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಹೀಗೇ ಕೇಳುತ್ತಿದ್ದಳೇನೋ.

ತಮಾಷೆಯ ಮಾತೊಂದನ್ನು ಹುಡುಕಿದೆ, ಸಿಗಲಿಲ್ಲ. "ಮಂಡಿ ಊರಕ್ಕೆ ಆಗಲ್ಲ ಮಗಾ" ಎಂದೆ.

"ನನ್ನ ಹಿಡ್ಕೋ" ಎಂದು ಭುಜ ಕೊಟ್ಟಳು.

ಆ ಪುಟ್ಟ ಭುಜ ಹಿಡಿದು ಮಂಡಿಯೂರಿದೆ. "ಬೆಸಾಂವ್ ಕೊಡು, ಅಣ್ಣ" ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರಾಗಿ ಹೇಳು ಚಿಕ್ಕಜ್ಜ" ಎಂದಳು ರಿಯೋನಾ. "ಅವ್ರು ತುಂಬಾ ಮೇಲಿದ್ದಾರೆ."