ಎದುರು ವಾದ ಬೇಕಾಗಿದೆ

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಊಟ ಸಪ್ಪೆ, ಆದರೂ ಹೊಟ್ಟೆ ತುಂಬುತ್ತದೆ.

ಬರವಣಿಗೆಯ ತರಗತಿಗೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಾಗಿದೆ. ‘ಅಪ್ಪನ ಕಸುಬನ್ನು ಮಕ್ಕಳು ಮುಂದುವರಿಸಲೇಬೇಕೆಂದಿಲ್ಲ’ ಎಂಬ ವಿಷಯವನ್ನು ನಾನೇ ಆರಿಸಿಕೊಂಡೆ. ಕೋಪ ಮಾಡಿಕೊಳ್ಳಬೇಡಿ. ನನ್ನ ಪರವಾಗಿ ಮಾತಾಡುವ ಪುಸ್ತಕಗಳು ಗ್ರಂಥಾಲಯದಲ್ಲಿ ರಾಶಿ ಸಿಕ್ಕವು. ಆದರೆ ನಮ್ಮ ಮೇಷ್ಟ್ರು, “ಎದುರಾಳಿ ಏನಂತಾನೆ ಅಂತ ಅವನ ಬಾಯಿಂದಲೇ ಕೇಳ್ಕೊಂಡು ಬನ್ನಿ, ಆಮೇಲೆ ಖಂಡಿಸಿ” ಎಂದರು. ಭಾನುವಾರ ನಿಮಗೆ ಫೋನ್ ಮಾಡಿದ್ದು ಅದಕ್ಕೇ.

“ನಾನು ವಾಪಸ್ ಬರದಿದ್ರೆ ನಮ್ಮ ಟೈಲರ್ ಅಂಗಡಿ ಗತಿ ಏನು?” ಎಂದು ಕೇಳಿ, ನೀವು ಬೈಯುವುದನ್ನೆಲ್ಲ ಬರೆದುಕೊಳ್ಳಲು ಪೆನ್ನು ಹಿಡಿದು ಕಾದೆ.

“ಗತಿ ಏನು ಬಂತು? ಬಾಗಿಲು ಹಾಕ್ತೀನಿ ಅಷ್ಟೆ. ನೀನು ಓದ್ಕೋ ಮಗಳೇ” ಎಂದಿರಿ. ಆಮೇಲೆ ನಗುತ್ತಾ, “ನೀನು ದಾರ ಪೋಣಿಸಿಟ್ಟು ಹೋಗಿದ್ದ ಸೂಜಿಯೆಲ್ಲ ಮುಗಿದ್ವು. ಈಗ ರಸ್ತೇಲಿ ಹೋಗೋರನ್ನ ಕರೆದು ಪೋಣಿಸಿಕೊಡಿ ಅಂತೀನಿ” ಎಂದಿರಿ.

ಇದನ್ನು ಹೇಗೆ ಖಂಡಿಸಲಿ ಅಪ್ಪಾ? ನೀವು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟರೆ ನಾನು ಯಾರ ಜೊತೆ ವಾದ ಮಾಡಲಿ? ಕೈಕಾಲು ಕಟ್ಟಿ ಕೂರಿಸಿದ ಹಾಗಾಗಿದೆ. ನಿಮ್ಮ ಮಾತು ಬರೆದುಕೊಂಡ ಪುಟ ಬಿಟ್ಟು ಒಂದು ಸಾಲೂ ಮುಂದೆ ಹೋಗುತ್ತಿಲ್ಲ, ಹರಿದು ಹಾಕಲೂ ಮನಸ್ಸಾಗುತ್ತಿಲ್ಲ.

ಮೊದಲು ಡಾಕ್ಟರಿಗೆ ಕಣ್ಣು ತೋರಿಸಿ, ಕನ್ನಡಕ ಬದಲಾಯಿಸಿಕೊಳ್ಳಿ. ಈ ಕಾಗದ ತಲುಪಿದ ಮೇಲೆ ಇನ್ನೊಂದು ಸಲ ಫೋನ್ ಮಾಡುತ್ತೇನೆ. ಆಗ ದಯವಿಟ್ಟು ನನಗೆ ಚೆನ್ನಾಗಿ ಬೈಯಿರಿ.

ನಿಮ್ಮ ಎದುರಾಳಿ,
ಮಗಳು