‘ಅಲರ್ಜಿ: ಇಲ್ಲ’

೧೪, ಮಂಗಳವಾರ

ತಲೆ ಚಿಟ್ಟು ಹಿಡಿದಿದೆ. ಇನ್ನೊಂದು ಆಸ್ಪತ್ರೆಯಿಂದ ನಮ್ಮ ಆಸ್ಪತ್ರೆಯ ಪ್ರೋಗ್ರಾಮಿಗೆ ರೋಗಿಗಳ ವಿವರ ಹೊತ್ತು ಬರುವ ಎಕ್ಸ್‌ಎಂಎಲ್ ಫೈಲಿನಲ್ಲಿ, ಔಷಧಿ-ಅಲರ್ಜಿಗಳ ವಿವರದ ಮುಂದೆ ಅಂಟಿಸುವ ಪ್ರಿಫಿಕ್ಸ್ ಬದಲಾಗಿದೆ. ನಿನ್ನೆವರೆಗೆ ‘ಮೆಡ್’ ಎಂದಿದ್ದದ್ದು ಇವತ್ತು ‘ಎನ್‌ಎಸ್‌ಟು’. ಬದಲಾಯಿಸಿಕೊಳ್ಳಲಿ, ಅದು ಅವರಿಷ್ಟ! ಪ್ರಿಫಿಕ್ಸ್ ಎಂದರೆ ಬರೀ ಕರೆಯುವ ಹೆಸರು. ನಿಜವಾದ ಗುರುತು ನೇಮ್‌ಸ್ಪೇಸಿನ ಪೂರ್ತಿ ವಿಳಾಸದಲ್ಲಿದೆ; ಫೈಲಿನ ತಲೆಯಲ್ಲೇ ಬರೆದಿರುವ ಅದು ಬದಲಾಗಿಲ್ಲ. ಮಗಳನ್ನು ನಾನು ಪುಟ್ಟಿ ಅನ್ನುತ್ತೇನೆ, ಅತ್ತೆ ಚಿನ್ನು ಅನ್ನುತ್ತಾರೆ. ಹಾಗಂತ ಮನೆಯಲ್ಲಿ ಮಗುವೇ ಇಲ್ಲ ಎನ್ನಲಾಗುತ್ತದೆಯೇ?

ನಮ್ಮ ಪ್ರೋಗ್ರಾಮು ಹಾಗೇ ಎಂದಿತು. ‘ಮೆಡ್’ ಸಿಗಲಿಲ್ಲ ಎಂದು ಪರದೆಯ ಮೇಲೆ ‘ಅಲರ್ಜಿ: ಇಲ್ಲ’ ಅಂತ ತೋರಿಸಿ ತೆಪ್ಪಗೆ ಕೂತಿತು.

ಮಧ್ಯಾಹ್ನ ವಾರ್ಡಿನ ನರ್ಸ್ ಫೋನ್ ಮಾಡಿದಳು. “ಮೇಡಂ, ಆ ಆಸ್ಪತ್ರೆಯಿಂದ ಬಂದ ಒಬ್ಬ ಅಜ್ಜಿಗೆ ಚುಚ್ಚೋಕೆ ಇಂಜೆಕ್ಷನ್ ಕೈಲೇ ಇತ್ತು. ಆ ಅಜ್ಜಿನೇ ‘ಪೆನ್ಸಿಲಿನ್ ಅಲ್ಲ ತಾನೇ? ನಂಗೆ ಅದು ಆಗಲ್ಲಮ್ಮ’ ಅಂದ್ರು. ಅದು ಪೆನ್ಸಿಲಿನ್ನೇ, ತಕ್ಷಣ ಕೆಳಗಿಟ್ಟೆ.”

ನಮ್ಮ ಟೀಮ್ ಲೀಡರ್ ಸಾಹೇಬರದ್ದು ಒಂದೇ ರಾಗ. “ಏನೂ ಆಗ್ಲಿಲ್ವಲ್ಲ, ಬಿಡ್ರೀ. ಎನ್‌ಎಸ್‌ಟುಗೂ ‘ಇದು ಬಂದ್ರೆ ಇದನ್ನೂ ಓದು’ ಅಂತ ಒಂದು ಇಫ್ ಹಾಕಿ, ಮುಗೀತು.” ಆಗಲೇ ಅಂಥ ಇಫ್‌ಗಳ ಮೆರವಣಿಗೆಯೇ ಇದೆ! ಅಷ್ಟನ್ನೂ ಕಿತ್ತುಹಾಕಿ, ಪ್ರಿಫಿಕ್ಸ್ ಬಿಟ್ಟು ನೇಮ್‌ಸ್ಪೇಸಿನ ವಿಳಾಸ ನೋಡಿ ಹುಡುಕುವಂತೆ ಬರೆದೆ. ಆಗಲೂ ಸಿಗದಿದ್ದರೆ ‘ಗೊತ್ತಿಲ್ಲ, ರೋಗಿಯನ್ನು ಕೇಳಿ’ ಎಂದು ತೋರಿಸುವ ಹಾಗೆ ಮಾಡಿದೆ. ಸಾಹೇಬರು ಉರಿದುಬಿದ್ದರು.

“ಗೊತ್ತಿಲ್ಲ ಅಂತ ತೋರ್ಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?”

ಮರ್ಯಾದೆಯಂತೆ! ಆ ಸಾಲನ್ನು ನಾನು ತೆಗೆಯಲಿಲ್ಲ, ತೆಗೆಯುವುದೂ ಇಲ್ಲ. ಅಜ್ಜಿಗೆ ಆ ಹೊತ್ತಿನಲ್ಲಿ ಒಂಚೂರು ಜೊಂಪು ಹತ್ತಿದ್ದರೆ ಆ ಇಂಜೆಕ್ಷನ್ನನ್ನು ಯಾರು ತಡೆಯುತ್ತಿದ್ದರು?