ಹನ್ನೆರಡಕ್ಕೆ ಮುಚ್ಚುವ ಕೌಂಟರ್

ಭಾನುವಾರ, ಬೆಳಿಗ್ಗೆ
ಆಸ್ಪತ್ರೆ, ಹೆಂಗಸರ ವಾರ್ಡು

ಚಿರಂಜೀವಿ ಪುಟ್ಟಿಗೆ ಅಮ್ಮನ ಮುತ್ತು.

ಚಿರಂಜೀವಿ ಎಂದಷ್ಟೇ ಬರೆದಿದ್ದೇನೆ, ಸೌಭಾಗ್ಯವತಿ ಎನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಸೌಭಾಗ್ಯವನ್ನು ನೀನು ಉಂಡದ್ದು ಸಾಕು. ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಹಾಕಿದ್ದಾರೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಈ ಕಾಗದ. ಸಂಜೆ ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತೇನೆ.

ನಿನ್ನೆ ಅವಳು ಎಲ್ಲ ಹೇಳಿದಳು. ನಿನ್ನ ಗಂಡನ ಅಣ್ಣ ಬಂದು ಅವಳ ಮನೆಯ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ನೀನು ರಾಜಿಗೆ ಸಹಿ ಹಾಕಿ ಮನೆಗೆ ವಾಪಸ್ ಬಂದ್ರೆ ನಿಮ್ಮಮ್ಮನ ತಂಟೆಗೆ ಯಾರೂ ಬರಲ್ಲ ಅಂದನಂತೆ. ನನ್ನಿಂದ ಅಮ್ಮನ ಕೈ ಹೋಯ್ತು, ಜೀವನೂ ಹೋಗೋದು ಬೇಡ, ನಾನೇ ಹೋಗ್ತೀನಿ ಅಂತ ನೀನು ಅಳುತ್ತಿದ್ದೆಯಂತೆ. ನಾಳೆ ಅವರು ರಾಜಿಪತ್ರ ತರುತ್ತಾರಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲಷ್ಟೇ ಅಲ್ಲ, ನಿನ್ನ ಮೇಲೂ. ಪಕ್ಕದ ಮಂಚದ ಅಜ್ಜಿ ನನ್ನ ಮುಖ ನೋಡಿ ನರ್ಸನ್ನು ಕೂಗಿಬಿಟ್ಟರು.

ನಿಮ್ಮ ಮನೆಯ ಹೊಸ್ತಿಲು ತುಳಿಯಕೂಡದು ಎಂದು ನಿನ್ನ ಗಂಡ ನನ್ನನ್ನು ಹೊರಗೆ ಹಾಕಿದ ಮೇಲೆ ನಮ್ಮಿಬ್ಬರಿಗೆ ಉಳಿದದ್ದು ನಾನು ಕ್ಯಾಶಿಯರಾಗಿ ಕೂರುವ ಬ್ಯಾಂಕಿನ ಗಾಜಿನ ಕಿಂಡಿ ಒಂದೇ. ತನ್ನ ಟೈರ್ ಅಂಗಡಿಯ ದುಡ್ಡು ಕಟ್ಟಲು ಸೋಮವಾರ ಸೋಮವಾರ ನಿನ್ನನ್ನೇ ಕಳಿಸುತ್ತಿದ್ದ. ನಿಮ್ಮಮ್ಮ ನನ್ನ ದುಡ್ಡು ಎಣಿಸ್ಲಿ, ನೋಡೋಕೆ ಚೆಂದ ಅಂತ ನಗುತ್ತಿದ್ದನಂತಲ್ಲ. ತಾನು ಹೊರಗೆ ವ್ಯಾನಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದ. ನಾನೋ, ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿ ಕೈಯಲ್ಲೇ ಎಣಿಸುತ್ತಿದ್ದೆ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದೆ, ನೀನು ಇನ್ನಷ್ಟು ಹೊತ್ತು ಕಣ್ಣೆದುರಿಗೆ ಇರಲಿ ಎಂದು. ಸಾಲಿನಲ್ಲಿದ್ದ ದರ್ಜಿ, ಈಯಮ್ಮ ಎಣಿಸಿ ಮುಗ್ಸೋದ್ರೊಳಗೆ ನನ್ ಗಡ್ಡ ನೆರೆತುಹೋಗುತ್ತೆ ಅಂತ ಗೊಣಗಿದ್ದು ನೆನಪಿದೆಯಾ? ಅವತ್ತು ನೀನು ನಕ್ಕೆ. ನಕ್ಕಾಗ ತುಟಿಯ ಗಾಯ ಬಿರಿದು ಚಲನ್ ಮೇಲೆ ರಕ್ತ ತೊಟ್ಟಿಕ್ಕಿತು. ನಾನು ಬೇರೆ ಚಲನ್ ಬರೆದುಕೊಟ್ಟೆ. ಬೇರೇನೂ ಮಾಡಲಾಗಲಿಲ್ಲ.

ಪೊಲೀಸ್ ಠಾಣೆಗೂ ಹೋಗಿಬಂದೆ. ಅವರು ನಿಮ್ಮ ಮನೆಗೆ ಬಂದು ವಿಚಾರಿಸಿದಾಗ ಅವನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ನೀನು ಹೇಳಿಬಿಟ್ಟೆ. ನಿಮ್ಮ ಮಗಳೇ ಯಾರೂ ಹೊಡೆದಿಲ್ಲ ಅಂದ್ಮೇಲೆ ನಾವೇನು ಮಾಡೋಕಾಗುತ್ತಮ್ಮ, ಸಾಕ್ಷಿ ಬೇಕಲ್ಲ ಅಂದರು. ಆ ರಾತ್ರಿ ಅವನು ಬೆಲ್ಟಿನಲ್ಲಿ ಹೊಡೆದದ್ದು ನನಗೆ ಗೊತ್ತಾದದ್ದು ಮುಂದಿನ ಸೋಮವಾರ, ಬ್ಯಾಗು ಎತ್ತಲು ಬಗ್ಗಿದ ನಿನ್ನ ಬೆನ್ನಿನ ಮೇಲೆ ಬಾಸುಂಡೆ ಕಂಡಾಗ.

ಆಮೇಲೆ ಕೌಂಟರಿನ ಸಮಯ ಕತ್ತರಿಸುತ್ತಾ ಬಂದರು. ನಾಲ್ಕಕ್ಕೆ ಮುಚ್ಚುತ್ತಿದ್ದದ್ದು ಎರಡಕ್ಕೆ ಬಂತು, ಎರಡರಿಂದ ಹನ್ನೆರಡಕ್ಕೆ. ಕೊನೆಗೆ, ತಿಂಗಳ ಕೊನೆಯಲ್ಲಿ ಶಾಖೆ ಮುಚ್ಚುತ್ತದೆ, ಎಲ್ಲರೂ ಮೊಬೈಲ್ ಆ್ಯಪ್ ಬಳಸಿ ಎಂಬ ನೋಟಿಸು. ಬಾಗಿಲಿಗೆ ಅಂಟಿಸಿದವಳು ನಾನೇ. ಮನೇಲಿ ಕೂತೇ ಎಲ್ಲ ಆಗುತ್ತೆ, ಜನ ಬಿಸಿಲಲ್ಲಿ ಯಾಕೆ ಬರ್ಬೇಕು ಹೇಳಿ ಎಂದು ಮ್ಯಾನೇಜರು ಖುಷಿಯಾಗಿದ್ದರು. ಪಾಪ, ಒಳ್ಳೆಯ ಮನುಷ್ಯ. ಮನೆಯಿಂದ ಹೊರಗೆ ಬರಲು ಬ್ಯಾಂಕೊಂದೇ ನೆಪ ಇರುವವರೂ ಇದ್ದಾರೆ ಎಂದು ಅವರಿಗೆ ಹೇಗೆ ಹೇಳಲಿ? ಅವನು ಬೀದಿ ಮೂಲೆಯ ಮೆಷಿನ್ನಿಗೆ ತಾನೇ ದುಡ್ಡು ಹಾಕತೊಡಗಿದ. ಉಳಿದ ವ್ಯವಹಾರವೆಲ್ಲ ಫೋನಿನಲ್ಲಿ. ಸೋಮವಾರ ಬಂತು, ಹೋಯಿತು. ಇನ್ನೊಂದು ಸೋಮವಾರವೂ ಹೋಯಿತು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದೆ. ನೀನು ಬದುಕಿದ್ದೀಯೋ ಇಲ್ಲವೋ ಎನ್ನುವುದೇ ನನಗೆ ತಿಳಿಯದಾಯಿತು.

ನಿಮ್ಮ ಖಾತೆ ಇಬ್ಬರ ಹೆಸರಿನಲ್ಲಿದೆ. ಅಂಥ ಖಾತೆಗಳಿಗೆ ಶಾಖೆ ಮುಚ್ಚುವ ಮೊದಲು ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಆನ್‌ಲೈನ್ ನಿಲ್ಲುತ್ತದೆ ಎಂದು ನಿಯಮ. ಉಳಿದ ಗ್ರಾಹಕರಿಗೆ ಹತ್ತು ಸಲ ಸಡಿಲ ಮಾಡುತ್ತೇವೆ. ಇವನಿಗೆ ಮಾಡಲಿಲ್ಲ. ಬ್ಯಾಂಕಿನ ಫೋನಿನಿಂದಲೇ ಮಾಡಿ, ಸಾರ್, ನಿಮ್ಮ ಶ್ರೀಮತಿಯವರನ್ನು ಕರ್ಕೊಂಡು ಬನ್ನಿ ಅಂದೆ. ಅವಳಿಗೆ ಹುಷಾರಿಲ್ಲ ಅಂದ. ಮತ್ತೆ ಮಾಡಿದೆ. ಅವಳು ಬರಲ್ಲ ಕಣೇ ಮುದುಕಿ ಅಂದ. ಗುರುವಾರ ಅವನ ಆನ್‌ಲೈನ್ ನಿಂತಿತು, ಟೈರ್ ಕಂಪನಿಗೆ ಕಳಿಸಬೇಕಾದ ಹಣ ಸಿಕ್ಕಿಕೊಂಡಿತು.

ಶುಕ್ರವಾರ ಕೌಂಟರ್ ಮುಚ್ಚುವ ಹೊತ್ತಿಗೆ ಬಂದ. ಕಾವಲಿನ ಅಜ್ಜ ಅರ್ಧ ಶಟರ್ ಎಳೆದಾಗಿತ್ತು. ಟೈಮ್ ಆಯ್ತು ಸ್ವಾಮಿ ಎಂದ ಆ ಅಜ್ಜನ ಎದೆಗೆ ಒದ್ದ. ಅಜ್ಜ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲುಗಳು ಹೋದವು. ಇವನ ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು. ಒಬ್ಬನೇ ಬಂದಿದ್ದ. ನೀನು ಬರಲಿಲ್ಲ ಎಂದು ನೋಡಿದಾಗಲೇ ನನ್ನ ಎದೆ ಒಡೆದದ್ದು, ಗಾಜು ಒಡೆದದ್ದು ಆಮೇಲೆ. ಕಿಂಡಿಗೆ ಒಂದೇ ಏಟು. ಚೂರುಗಳು ನನ್ನ ಮುಖಕ್ಕೆ, ಮಡಿಲಿಗೆ. ಕೊನೆಯ ಗ್ರಾಹಕನಾಗಿ ಉಳಿದಿದ್ದ ದರ್ಜಿ ಕುರ್ಚಿಯ ಕೆಳಗೆ ತೂರಿಕೊಂಡ. ಮ್ಯಾನೇಜರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಅವತ್ತು ಕ್ಯಾಶ್ ಕ್ಯಾಬಿನ್ನಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಒಳಗೆ ಬಂದ. ಜುಟ್ಟು ಹಿಡಿದು ಮೇಜಿಗೆ ಮುಖ ಅಪ್ಪಳಿಸಿದ. ಬಾಯಲ್ಲಿ ಉಪ್ಪುಪ್ಪು ರಕ್ತ. ಅವಳನ್ನ ಕೋಣೆಲಿ ಕೂಡಿಹಾಕಿದೀನಿ, ಏನು ಕಿತ್ಕೊತೀಯ ಅಂತ ಕಿರುಚಿದ. ಆಮೇಲೆ ನನ್ನ ಬಲಗೈಯನ್ನು ಕ್ಯಾಶ್ ಡ್ರಾಯರಿಗೆ ತುರುಕಿ, ಆ ಕಬ್ಬಿಣದ ಡ್ರಾಯರನ್ನು ಬೂಟುಗಾಲಲ್ಲಿ ಒದ್ದ. ಮತ್ತೆ ಎಳೆದು ಮತ್ತೆ ಒದ್ದ. ಆ ನೋವನ್ನು ಬರೆಯಲಾರೆ. ಅಪಾಯದ ಬೆಲ್ ಹೊಡೆದುಕೊಂಡಿತು, ಪೊಲೀಸರು ಬಂದು ಅವನನ್ನು ಹಿಡಿದರು. ಕೋಣೆಲಿ ಕೂಡಿಹಾಕಿದೀನಿ ಎಂದು ಅವನೇ ಕಿರುಚಿದ್ದು ಕ್ಯಾಮೆರಾದಲ್ಲಿತ್ತಲ್ಲ, ಅವರು ಸೀದಾ ನಿಮ್ಮ ಮನೆಗೆ ಹೋಗಿ ಬೀಗ ಒಡೆದರು. ನಿನ್ನನ್ನು ಚಿಕ್ಕಮ್ಮ ಕರೆದುಕೊಂಡು ಬಂದಾಗ ನೀನು ನಡೆಯಲಾರದೆ ಗೋಡೆ ಹಿಡಿದುಕೊಂಡೆಯಂತೆ.

ಅಲ್ಲಿಗೇ ವಾಪಸು ಹೋಗುತ್ತೇನೆ ಅನ್ನುತ್ತೀಯಲ್ಲ ಪುಟ್ಟಿ, ನಿನಗೆ ಬುದ್ಧಿ ನೆಟ್ಟಗಿದೆಯಾ? ನನ್ನನ್ನು ಉಳಿಸಲು ಹೋಗುತ್ತೀಯಂತೆ! ನೀನಲ್ಲಿ ಸತ್ತರೆ ನಾನಿಲ್ಲಿ ಬದುಕಿ ಏನು ಮಾಡಲಿ? ಚಿಕ್ಕಮ್ಮ ಗೊತ್ತುಮಾಡಿದ ವಕೀಲೆ ಹೇಳಿದ್ದಾರೆ, ನೀನು ಹೇಳಿಕೆ ಕೊಟ್ಟರೆ ಅವನು ಸುಲಭಕ್ಕೆ ಹೊರಗೆ ಬರುವುದಿಲ್ಲ. ರಾಜಿಗೆ ಸಹಿ ಹಾಕಿದರೆ ವಾರದೊಳಗೆ ಬರುತ್ತಾನೆ. ನಾಳೆ ಅವನ ಅಣ್ಣ ಬಂದರೆ ಚಿಕ್ಕಮ್ಮನಿಗೆ ಹೇಳು, ಬಾಗಿಲು ತೆಗೆಯದಿರಲಿ. ನೀನು ವಕೀಲೆಯ ಜೊತೆ ಠಾಣೆಗೆ ಹೋಗು.

ಊಟ ಸರಿಯಾಗಿ ಮಾಡು. ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳಲು ನಾಚಿಕೊಳ್ಳಬೇಡ, ಚಿಕ್ಕಮ್ಮ ನಿನ್ನನ್ನು ಎತ್ತಿ ಆಡಿಸಿದವಳು.

ನಿನ್ನದೇ ಜಪದಲ್ಲಿರುವ,
ಅಮ್ಮ

ತಾ.ಕ.: ಇದು ಪೊಲೀಸರಿಗೂ ಗೊತ್ತಿಲ್ಲ, ಮ್ಯಾನೇಜರಿಗೂ ಗೊತ್ತಿಲ್ಲ. ಓದಿ ಹರಿದುಹಾಕು. ಚಿಲಕ ಸರಿಯಾಗಿಯೇ ಬಿದ್ದಿತ್ತು. ಗಾಜು ಒಡೆದದ್ದಕ್ಕೆ ದಂಡ ಕಟ್ಟಿ ಸಂಜೆಗೆ ಮನೆಗೆ ಹೋಗುತ್ತಾನೆ, ಹೋಗಿ ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ತೀರಿಸಿಕೊಳ್ಳುತ್ತಾನೆ ಅನ್ನಿಸಿತು. ಕ್ಯಾಮೆರಾ ನನ್ನ ಮೇಜಿನ ಮೇಲೇ ಇತ್ತು, ಚಿಲಕ ಅದಕ್ಕೆ ಕಾಣುವುದಿಲ್ಲ. ಎದ್ದು ನಾನೇ ಚಿಲಕ ತೆಗೆದೆ. ಹೆಂಡ್ತಿನ ಹೊಡೆಯೋ ಗಂಡಸು, ಬಾ ಒಳಗೆ ಎಂದು ಅವನಿಗಷ್ಟೇ ಕೇಳುವಂತೆ ಅಂದೆ. ಬೆಲ್ಲಿನ ಗುಂಡಿ ನನ್ನ ಕಾಲ ಕೆಳಗೇ ಇತ್ತು, ಮೂಳೆ ಮುರಿದದ್ದು ಗೊತ್ತಾಗುವವರೆಗೂ ಒತ್ತಲಿಲ್ಲ. ನಿನ್ನಿಂದ ನನ್ನ ಕೈ ಹೋಯಿತು ಎಂದು ಅಳಬೇಡ ಮಗಳೇ. ಅದನ್ನು ನಾನೇ ಕೊಟ್ಟು ನಿನ್ನನ್ನು ಬಿಡಿಸಿಕೊಂಡಿದ್ದೇನೆ. ಸಹಿ ಹಾಕಬೇಡ. ಕೊಡಲು ನನ್ನ ಹತ್ತಿರ ಇನ್ನೊಂದು ಕೈ ಮಾತ್ರ ಉಳಿದಿದೆ.